ಅಚ್ಚಿಗೆ ಬಂದ ಮಣೆ

ನಮ್ಮ ಮನೆಗೆ ಬಂದವರು ಮೊದಲು ತಲೆ ಎತ್ತಿ ಮೇಲೆ ನೋಡುತ್ತಿದ್ದರು, ಆಮೇಲೆ ಕಾಲು ತೊಳೆಯುತ್ತಿದ್ದರು. ನಮ್ಮೂರು ಅಸೂಟಿಯ ಬೇರೆ ಮನೆಗಳಲ್ಲಿ ಪಡಸಾಲೆಯ ಜಂತಿಗೆ ಬೀಜಕ್ಕಿಟ್ಟ ಜೋಳದ ತೆನೆ ತೂಗುತ್ತಿದ್ದವು, ಇಲ್ಲವೇ ಉಳ್ಳಾಗಡ್ಡಿಯ ಜಡೆ, ಹೆಚ್ಚೆಂದರೆ ಒಂದು ತೊಟ್ಟಿಲು. ನಮ್ಮಲ್ಲಿ ಬಂಡಿ ತೂಗುತ್ತಿತ್ತು. ಮಳೆ ಹಿಡಿಯುತ್ತಲೇ ಈರಪ್ಪ ಕಾಕಾ, ಅಂದರೆ ನಮ್ಮಪ್ಪನ ತಮ್ಮ, ಅದರ ಗಾಲಿ ಕಳಚಿ ಗೋಡೆಯ ಗೂಟಕ್ಕೆ ಹಾಕಿ, ಉಳಿದ ಮೈಯನ್ನು ಹಗ್ಗದಿಂದ ಬಿಗಿದು ಜಂತಿಗೆ ಏರಿಸಿಬಿಡುತ್ತಿದ್ದ. ಹಿಂಗಾರಿ ಬಿತ್ತಿಗೆ ಮುಗಿದು ಎರೆ ಮಣ್ಣಿನ ದಾರಿಗಳು ಒಣಗಿ ಗಟ್ಟಿಯಾಗುವ ತನಕ ಅದು ಅಲ್ಲೇ. ಅದರ ಕೆಳಗೇ ನಾವು ಉಣ್ಣುವುದು, ಮಲಗುವುದು, ಜಗಳ ಆಡುವುದು. ಬಾಗಿಲು ದಾಟಿದ ಕೂಡಲೇ ತಗ್ಗಿನಲ್ಲಿ ದನಗಳ ಜಾಗ, ಎರಡು ಮೆಟ್ಟಿಲು ಏರಿದರೆ ಪಡಸಾಲೆ, ಅದರಾಚೆ ಹೊಗೆ ಹಿಡಿದ ಅಡಿಗೆಮನೆ. ದನಗಳಿಗೂ ನಮಗೂ ನಡುವೆ ಗೋಡೆ ಇರಲಿಲ್ಲ. ನಾನು ಉಣ್ಣಲು ಕೂತರೆ ಕಾಕಾನ ಓಟದ ಎತ್ತುಗಳಾದ ಮೈಲ್ಯಾ ಮತ್ತು ಕೌಲ್ಯಾ ಮೇವು ಬಿಟ್ಟು ತಲೆ ಎತ್ತಿ ನನ್ನ ಕೈಯನ್ನೇ ನೋಡುತ್ತಿದ್ದವು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಆಯಿ, ಅಪ್ಪನ ತಾಯಿ, ದಿನಾ ಬೆಳಿಗ್ಗೆ ಲಿಂಗಪೂಜೆಗೆ ಕೂತಾಗ ಒಮ್ಮೆ ಮೇಲೆ ನೋಡಿ ಬಂಡಿಗೂ ನಾಲ್ಕು ಮಾತು ಅರ್ಪಿಸುತ್ತಿದ್ದಳು.

"ಒಂದ ಚೀಲ ಜ್ವಾಳ ಹೊರಲಾರದ ಬಂಡಿ. ಅದು ನಮ್ಮನ್ನ ಹೊರೂ ಬದ್ಲಿ ನಾವ ಅದನ್ನ ತಲಿಮ್ಯಾಲ ಹೊತ್ತಕೊಂಡ ಕುಂತೇವಿ. ಹಿಂಥಾ ಮನಿಗಿ ಯಾರ ಹೆಣ್ಣ ಕೊಡ್ತಾರಪಾ?"

ಈರಪ್ಪ ಕಾಕಾನಿಗೆ ಯಾರೂ ಹೆಣ್ಣು ಕೊಟ್ಟಿರಲಿಲ್ಲ ಎಂಬುದು ನಿಜ. ನೋಡಲು ಬಂದ ಒಬ್ಬ ಬೀಗರ ತಲೆಗೆ ಮೂಕಿ, ಅಂದರೆ ನೊಗ ಕಟ್ಟುವ ಉದ್ದನೆಯ ಬಿದಿರು, ಬಡಿದು ಹಣೆ ಊದಿದ್ದು ಇನ್ನೂ ನಿಜ. ಕಾಕಾ ಅದಕ್ಕೆಲ್ಲ ಕೊರಗುವವನಲ್ಲ. ಊದಿದ ಹಣೆಗೆ ಅರಿಸಿನ ಹಚ್ಚುವ ಮೊದಲು ಮೂಕಿಗೆ ಏನಾದರೂ ಆಯಿತೇ ಎಂದು ಕೈಯಾಡಿಸಿ ನೋಡಿದನಂತೆ.

ಈಗ ಹೊಳೆಆಲೂರಿಗೆ ರೈಲು ಬರುತ್ತದೆ. ನಾನು ಹೇಳಿದ್ದನ್ನು ಬರೆದುಕೊಳ್ಳುತ್ತಿರುವ ನನ್ನ ಮೊಮ್ಮಗಳು ಸಾಲೆ ಕಲಿತವಳು, ನನ್ನ ಒರಟು ಮಾತನ್ನು ತಿದ್ದಿ ಚಂದ ಮಾಡುತ್ತಾಳೆ. ಓಡುವ ಗಾಡಿ ಎಂದರೆ ಅವಳಿಗೆ ರೈಲು. ನಾನು ಹೇಳುತ್ತಿರುವುದು ಕುಂಪಣಿಯವರ ಕಾಲದ ನರಗುಂದದ ಗಲಾಟೆಗೂ ಹಿಂದಿನ ಮಾತು. ಆಗ ನಮ್ಮ ಸೀಮೆಯಲ್ಲಿ ಬಂಡಿ ಓಡುತ್ತದೆ ಎಂದರೇ ನಗುತ್ತಿದ್ದರು. ಹಲಗೆ ಜೋಡಿಸಿ ದುಂಡಗೆ ಕೊರೆದ ಗಟ್ಟಿ ಗಾಲಿ, ಎರಡು ಗಾಲಿ ಕೂಡಿಸುವ ಮರದ ಅಚ್ಚು, ನಾಲ್ಕು ಜೋಡಿ ಎತ್ತು ಕಟ್ಟಿದರೆ ನರಳುತ್ತ ಒಂದು ಹೊಲ ದಾಟುವ ಗಾಡಾ, ಇದೇ ನಮ್ಮ ಬಂಡಿ. ಕಾಕಾ ಒಮ್ಮೆ ಹತ್ತಿಯ ಜೊತೆ ಧಾರವಾಡಕ್ಕೆ ಹೋದವನು ಅಲ್ಲಿನ ಸಡಕಿನಲ್ಲಿ ಟಪಾಲು ಒಯ್ಯುವ ಹಗುರ ಗಾಡಿ ನೋಡಿ ಬಂದ. ಬಂದವನು ಹತ್ತಿಯ ಮಾತೇ ಎತ್ತಲಿಲ್ಲ. ಅಂಗಳದ ಬೂದಿಯಲ್ಲಿ ಕಡ್ಡಿಯಿಂದ ಒಂದು ಗಾಲಿ ಬರೆದು ಅದರ ಸುತ್ತ ತಾನೂ ತಿರುಗತೊಡಗಿದ.

ಬಡಿಗೇರ ಕಾಳಪ್ಪ ಊರಿನ ಗಾಡಾಗಳನ್ನೆಲ್ಲ ಮಾಡಿದವನು, ಬಾಯಿ ಜೋರು, ತನ್ನಂಥ ಬಡಿಗ ರೋಣದಿಂದ ಗಜೇಂದ್ರಗಡದವರೆಗೆ ಇನ್ನೊಬ್ಬನಿಲ್ಲ ಎಂದು ತಾನೇ ಹೇಳಿಕೊಳ್ಳುವವನು. ಅವನೂ ಕಾಕಾನೂ ಸೇರಿ ಒಂದು ಬೇಸಿಗೆ ಪೂರ್ತಿ ನಮ್ಮ ಅಂಗಳದಲ್ಲಿ ಕಟ್ಟಿದ್ದಕ್ಕಿಂತ ಕಾದಾಡಿದ್ದು ಹೆಚ್ಚು. ಗಾಲಿಯ ನಡುವಿನ ಗುಂಬಕ್ಕೆ ಜಾಲಿ ಮರ, ಗುಂಬದಿಂದ ಅಂಚಿಗೆ ಚಾಚುವ ಅರೆಕಾಲುಗಳಿಗೆ ಸಾಗವಾನಿ, ಮೈಗೆ ಬಿದಿರು. ಹಸಿ ತೊಗಲಿನ ಬಾರಿನಿಂದ ಬಿಗಿಯಬೇಕು, ಒಣಗಿದರೆ ಕಬ್ಬಿಣಕ್ಕಿಂತ ಗಟ್ಟಿ ಎಂದ ಕಾಳಪ್ಪ. ಲಿಂಗಪೂಜೆಯ ಮನೆಯ ಅಂಗಳಕ್ಕೆ ಹಸಿ ತೊಗಲು ತರಬಾರದು ಎಂದಳು ಆಯಿ. ಕೊನೆಗೆ ಪುಂಡಿ ನಾರಿನ ಹಗ್ಗವೇ ಗತಿಯಾಯಿತು. ಆ ಹಗ್ಗ ಮಳೆಗಾಲದ ಥಂಡಿಗೆ ಸಡಿಲುತ್ತದೆ, ಅದಕ್ಕೇ ಬಂಡಿಯನ್ನು ಒಳಗೆ, ಒಲೆಯ ಕಾವು ತಾಗುವಲ್ಲಿ ತೂಗುಹಾಕಬೇಕಾಗಿ ಬಂದದ್ದು. ಅಂದರೆ ಆಯಿ ದಿನಾ ಬೈಯುತ್ತಿದ್ದ ಬಂಡಿಯನ್ನು ತಲೆಯ ಮೇಲೆ ತಂದು ನಿಲ್ಲಿಸಿದವಳು ಆಯಿಯೇ. ಇದನ್ನು ಅವಳೆದುರು ಆಡುವ ಧೈರ್ಯ ಯಾರಿಗೂ ಇರಲಿಲ್ಲ.

ಗಾಲಿಗೆ ಕಬ್ಬಿಣದ ಹಳಿ, ಅಂದರೆ ಸುತ್ತುಪಟ್ಟಿ, ಏರಿಸಿದ ದಿನ ನಮ್ಮ ಮನೆಯಲ್ಲಿ ಒಲೆ ಹೊತ್ತಲಿಲ್ಲ, ಕುಳ್ಳೆಲ್ಲ ಹಳಿಗೇ ಹೋಯಿತು. ಹಳಿಯನ್ನು ಗಾಲಿಗಿಂತ ಕೂದಲೆಳೆಯಷ್ಟು ಸಣ್ಣದಾಗಿ ಬಡಿದಿರುತ್ತಾರೆ. ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿದರೆ ಅದು ಹಿಗ್ಗುತ್ತದೆ, ಇಕ್ಕಳದಿಂದ ಎತ್ತಿ ಗಾಲಿಗೆ ತೊಡಿಸಿ ನೀರು ಸುರಿದರೆ ಕುಗ್ಗಿ ಕಚ್ಚಿಕೊಳ್ಳುತ್ತದೆ. ಅವ್ವ ಮತ್ತು ನಾನು ಕೊಡ ಹಿಡಿದು ನಿಂತಿದ್ದೆವು. ಕಾಳಪ್ಪನ ಲೆಕ್ಕ ಎಲ್ಲೋ ತಪ್ಪಿ ಒಂದು ಹಳಿ ಹೆಚ್ಚು ಬಿಗಿಯಾಗಿತ್ತು. ನೀರು ಬಿದ್ದ ಕೂಡಲೇ ಗಾಲಿ ಕರಕರ ಎಂದು ಹಲ್ಲು ಕಡಿದು, ಅರೆಕಾಲುಗಳೆಲ್ಲ ಒಂದೇ ಕಡೆಗೆ ಬಾಗಿ, ಉಣ್ಣುವ ಗಂಗಾಳದಂತೆ ತಗ್ಗಾಗಿಬಿಟ್ಟಿತು. ಕಾಳಪ್ಪ ಕೊಡಲಿ ಎತ್ತಿದ. ಕಾಕಾ ಅಡ್ಡ ಬಂದ.

"ಒಡೀಬ್ಯಾಡ. ಇನ್ನೊಂದನ್ನೂ ಹಿಂಗ ಮಾಡು."

"ಹುಚ್ಚ ಹಿಡದೈತೇನ್ರಿ ಗೌಡ್ರ? ಡೊಂಕ ಗಾಲಿ ಇದು."

"ಎತ್ತ ಓಡೂ ಮುಂದ ಬಂಡಿ ಎಡಕ್ಕ ಬಲಕ್ಕ ಜೋಲಿ ಹೊಡಿತೈತೋ ಇಲ್ಲೋ? ನೆಟ್ಟಗ ನಿಂತ ಕಾಲು ಅಡ್ಡ ಹೊಡತಕ್ಕ ಮುರಿತೈತಿ. ನೀ ಅಡ್ಡ ನೂಕಿದ್ರ ನಾ ಹ್ಯಾಂಗ ನಿಲ್ತೇನಿ, ಕಾಲ ಓರೆ ಮಾಡಿ ನಿಲ್ತೇನೋ ಇಲ್ಲೋ? ಹಂಗ."

ಡೊಂಕು ಗಾಲಿ ಜೋಲಿಗೆ ಜಗ್ಗಲಿಲ್ಲ. ಅಂದಿನಿಂದ ಆ ತಪ್ಪು ತನ್ನದೇ ಉಪಾಯ ಎಂದು ಕಾಳಪ್ಪ ಹೇಳುತ್ತ ಹೋದ, ಅದನ್ನು ಉಪಾಯ ಮಾಡಿದವನು ತಾನು ಎಂದು ಕಾಕಾ. ಇಬ್ಬರೂ ಸಾಯುವ ತನಕ ಆ ವ್ಯಾಜ್ಯ ಬಗೆಹರಿಯಲಿಲ್ಲ.

ಬಂಡಿಯಲ್ಲಿ ಇಬ್ಬರಿಗೆ ಮಾತ್ರ ಜಾಗ. ಮೂಕಿಯ ಬುಡದಲ್ಲಿ ಹೊಡೆಯುವವನ ಮಣೆ, ಅಚ್ಚಿನ ಹಿಂದೆ ಇನ್ನೊಂದು ಮಣೆ. ಹಿಂದಿನ ಮಣೆ ಯಾಕೆ ಎಂದು ಎಲ್ಲರೂ ಕೇಳುತ್ತಿದ್ದರು. ಮುಂದೆ ಒಬ್ಬನೇ ಕೂತರೆ ಭಾರವೆಲ್ಲ ಮೂಕಿಯ ಮೇಲೆ ಬಿದ್ದು ನೊಗ ಎತ್ತುಗಳ ಹೆಗಲು ಒತ್ತುತ್ತದೆ. ಹಿಂದೆ ಭಾರ ಹೆಚ್ಚಾದರೆ ಮೂಕಿ ಎದ್ದು, ಕೊರಳ ಹಗ್ಗ ಬಿಗಿದು ಎತ್ತಿಗೆ ಉಸಿರು ಕಟ್ಟುತ್ತದೆ. ಎರಡೂ ಸಮ ಆಗಬೇಕು. ಅದೂ ಒಂದೇ ಕಡೆ ಸಮ ಆದರೆ ಸಾಲದು. ಏರಿನಲ್ಲಿ ಭಾರ ಹಿಂದೆ ಜಾರುತ್ತದೆ, ಇಳುಕಲಿನಲ್ಲಿ ಮುಂದೆ. ಹಿಂದೆ ಕೂತವರು ಏರು ಬಂದರೆ ಮುಂದಕ್ಕೆ ಬಾಗಬೇಕು, ಇಳುಕಲಿಗೆ ಹಿಂದಕ್ಕೆ ಒರಗಬೇಕು, ಅದೂ ಎತ್ತಿಗೆ ತಿಳಿಯುವ ಮೊದಲೇ. ಕಾಕಾ ಮೊದಮೊದಲು ಒಂದು ಜೋಳದ ಚೀಲ ಕಟ್ಟಿ ನೋಡಿದ. ಚೀಲಕ್ಕೆ ಬಾಗಲು ಬರುವುದಿಲ್ಲ. ಊರಿನ ಗಂಡಸರನ್ನು ಕೂರಿಸಿದ, ಎಲ್ಲರೂ ಭಾರ, ಮೇಲಾಗಿ ಒಬ್ಬೊಬ್ಬರೂ ಹಿಂದಿನಿಂದ ಅವನಿಗೇ ಬುದ್ಧಿ ಹೇಳುವವರು. ಒಂದು ದಿನ ಹೊಲದಿಂದ ಬರುವಾಗ ನಾನು ಸುಮ್ಮನೆ ಏರಿ ಕೂತೆ. ಕಾಕಾ ಇಳಿದು ಎರಡು ಬೆರಳಿನಿಂದ ಮೂಕಿಯನ್ನು ಎತ್ತಿ ನೋಡಿದ. ಅದು ಗಿಡದ ಟೊಂಗೆಯಂತೆ ಹಗುರವಾಗಿ ಎದ್ದಿತು, ಹಗುರವಾಗಿ ಇಳಿಯಿತು. ಅವನ ಮುಖದಲ್ಲಿ ಆಗ ಕಂಡದ್ದನ್ನು ನಾನು ಆಮೇಲೆ ನನ್ನ ಗಂಡನ ಮುಖದಲ್ಲೂ ಕಾಣಲಿಲ್ಲ. ಹೇಳಿಬಿಡುತ್ತೇನೆ, ಈ ವಯಸ್ಸಿಗೆ ಇನ್ನೇನು ನಾಚಿಕೆ.

ಆ ಮಣೆ ನನ್ನದಾಯಿತು. ಕಾಕಾ ಹಿಂದೆ ತಿರುಗಿ ನೋಡುತ್ತಿರಲಿಲ್ಲ, ನಾನು ಬಾಯಿ ಬಿಡುತ್ತಿರಲಿಲ್ಲ. ದಾರಿ ಎಲ್ಲಿ ಏಳುತ್ತದೆ, ಎಲ್ಲಿ ಬೀಳುತ್ತದೆ ಎಂಬುದು ನನ್ನ ಹೊಟ್ಟೆಗೆ ಗೊತ್ತಿತ್ತು. ನರಗುಂದದ ಗುಡ್ಡ ದೂರದಲ್ಲಿ ನೀಲಿಯಾಗಿ ನಿಂತಿರುತ್ತಿತ್ತು, ಜೋಳದ ತೆನೆಗಳು ಎರಡೂ ಕಡೆಯಿಂದ ಮೊಳಕೈ ತಾಗುತ್ತಿದ್ದವು, ಗಾಲಿಗೆ ಹಚ್ಚಿದ ಔಡಲೆಣ್ಣೆಯ ಕಮಟು ಮೂಗಿನಲ್ಲಿ ತುಂಬಿರುತ್ತಿತ್ತು. ನಾನು ಬಾಗಿದರೆ ಎತ್ತುಗಳ ಕಿವಿ ನಿಮಿರುತ್ತಿದ್ದವು. ಅಷ್ಟು ದೊಡ್ಡ ಪ್ರಾಣಿಗಳು ನನ್ನ ಮೈ ಹೇಳಿದ್ದನ್ನು ಕೇಳುತ್ತಿದ್ದವು. ಮನೆಯಲ್ಲಿ ಮುಸುರೆ ತಿಕ್ಕುವ, ಸಗಣಿ ಬಳಿಯುವ ನೀಲವ್ವ ನಾನೇ, ಆದರೆ ಆ ಮಣೆಯ ಮೇಲೆ ಕೂತವಳು ಬೇರೆ ಯಾರೋ ಎನಿಸುತ್ತಿತ್ತು. ಆ ಹುಡುಗಿಗಾಗಿ ಈಗಲೂ ನನ್ನ ಜೀವ ಹಂಬಲಿಸುತ್ತದೆ.

ಆದರೆ ಮಕ್ಕಳು ಬೆಳೆಯುತ್ತವೆ. ನನ್ನ ತೂಕ ಹೆಚ್ಚಿದ ಹಾಗೆ ಹಿಂಭಾರ ಹೆಚ್ಚುತ್ತಿತ್ತು, ಅದಕ್ಕೆ ಕಾಕಾ ಬಿದಿರಿನಲ್ಲಿ ಹೊಸ ತೂತು ಕೊರೆದು ನನ್ನ ಮಣೆಯನ್ನು ಒಂದಿಷ್ಟು ಮುಂದೆ, ಅಚ್ಚಿನ ಕಡೆಗೆ ಸರಿಸಿ ಗೂಟ ಬಡಿಯುತ್ತಿದ್ದ. ಹಳೆಯ ತೂತುಗಳು ಹಾಗೇ ಉಳಿಯುತ್ತಿದ್ದವು. ಮಳೆಗಾಲದಲ್ಲಿ ಕೌದಿಯ ಮೇಲೆ ಅಂಗಾತ ಮಲಗಿ ಮೇಲೆ ನೋಡಿದರೆ ಆ ತೂತುಗಳ ಸಾಲು ಕಾಣುತ್ತಿತ್ತು. ತೊಟ್ಟಿಲು ಬಿಟ್ಟ ಸ್ವಲ್ಪ ದಿನಕ್ಕೇ ನನ್ನ ಮದುವೆ ಲಕ್ಕಲಕಟ್ಟಿಯ ಮನೆತನಕ್ಕೆ ಆಗಿಹೋಗಿತ್ತು. ದೊಡ್ಡವಳಾದ ಮೇಲೆ ಕಳಿಸಿಕೊಡುವ ಮಾತು. ಒಂದು ಮಧ್ಯಾಹ್ನ ಆಯಿ ಹತ್ತಿ ಬಿಡಿಸುತ್ತ, ಮೇಲೆ ನೋಡಿ, ನನ್ನನ್ನು ಕೆಣಕಲು ಒಂದು ಮಾತು ಆಡಿದಳು.

"ನೋಡ ನೀಲಿ, ನಿನ್ನ ಮಣಿ ಹ್ಯಾಂಗ ಸರಕೋತ ಹೊಂಟೈತಿ. ಅದು ಅಚ್ಚಿಗಿ ಬಂದ ದಿನ ನಿನ್ನ ಲಕ್ಕಲಕಟ್ಟಿಗಿ ಕಳಸೂದು."

ಅವಳಿಗೆ ಅದು ಚೇಷ್ಟೆ. ನನಗೆ ಅದು ವಿಧಿ. ಗಂಡನ ಮನೆ ಎಂದರೆ ಏನೆಂದು ನನಗೆ ಗೊತ್ತಿರಲಿಲ್ಲ, ಅಲ್ಲಿ ಇಂಥ ಬಂಡಿ ಇಲ್ಲ ಎಂಬುದೊಂದೇ ಗೊತ್ತಿತ್ತು. ಎಣಿಸಿ ನೋಡಿದೆ, ಅಚ್ಚಿಗೆ ಹೆಚ್ಚು ದೂರ ಉಳಿದಿರಲಿಲ್ಲ. ತೂಕ ಏರಿದರೆ ಮಣೆ ಮುಂದೆ ಹೋಗುತ್ತದೆ, ತೂಕ ಏರದಿದ್ದರೆ? ನಾನು ಉಣ್ಣುವುದನ್ನು ಬಿಟ್ಟೆ.

ಕೂಡು ಮನೆಯಲ್ಲಿ ಉಣ್ಣದೆ ಇರುವುದು ಸುಲಭವಲ್ಲ, ಎಲ್ಲರ ಕಣ್ಣೂ ಗಂಗಾಳದ ಮೇಲೆ. ಆದರೆ ದನಗಳಿಗೂ ನಮಗೂ ನಡುವೆ ಗೋಡೆ ಇರಲಿಲ್ಲ ಎಂದೆನಲ್ಲ. ಮೆಟ್ಟಿಲ ಅಂಚಿಗೆ ಕೂತು ಉಣ್ಣುವ ರೂಢಿ ಮಾಡಿಕೊಂಡೆ. ಅವ್ವ ರೊಟ್ಟಿ ಬಡಿಯಲು ತಿರುಗಿದಾಗ ನನ್ನ ಅರ್ಧ ರೊಟ್ಟಿ ಮೈಲ್ಯಾನ ಬಾಯಿಗೆ. ಕಟಕ ರೊಟ್ಟಿಯನ್ನು ಅದು ಕರಮ್ ಎಂದು ಕಡಿದಾಗ ನಾನೇ ಕಡಿದವಳಂತೆ ಬಾಯಿ ಆಡಿಸುತ್ತಿದ್ದೆ. ಮಜ್ಜಿಗೆ ಕುಡಿದು, ಚಿಟಿಕೆ ಚಟ್ನಿ ನೆಕ್ಕಿ ಏಳುತ್ತಿದ್ದೆ. ಹಸಿವಾದಾಗ ಮಲಗಿ ಮೇಲಿನ ತೂತು ನೋಡುತ್ತಿದ್ದೆ. ಕೆನ್ನೆ ಒಣಗಿತು, ಕೈಯ ಬಳೆ ಮೊಳಕೈ ತನಕ ಜಾರತೊಡಗಿದವು. ಅವ್ವನಿಗೆ ಇದು ದೃಷ್ಟಿ ಎಂದು ಖಾತ್ರಿಯಾಯಿತು.

"ಗಂಡ ಹುಡುಗರಂಗ ಬಂಡಿಮ್ಯಾಲ ಕುಂತ ಊರ ಮುಂದ ಹಾದ್ರ ಮಂದಿ ಕಣ್ಣ ಸುಮ್ನ ಬಿಡ್ತಾವೇನು?"

ಉಪ್ಪು, ಒಣಮೆಣಸಿನಕಾಯಿ ನನ್ನ ಸುತ್ತ ಇಳಿಸಿ ಒಲೆಗೆ ಹಾಕಿದಳು. ಯಾರೂ ಕೆಮ್ಮಲಿಲ್ಲ. ಕೆಮ್ಮು ಬರದಿದ್ದರೆ ದೃಷ್ಟಿ ಗಟ್ಟಿ ಎಂದೇ ಅರ್ಥ. ಮಠದ ಅಯ್ಯನವರು ಕೊಟ್ಟ ವಿಭೂತಿ ಬಂತು, ಸೊಂಟಕ್ಕೆ ಕರಿದಾರ ಬಂತು. ಇನ್ನು ಹುಡುಗಿಯನ್ನು ಬಂಡಿಗೆ ಏರಿಸಬೇಡ ಎಂದು ಅಪ್ಪ, ಏರಿಸುತ್ತೇನೆ ಎಂದು ಕಾಕಾ, ಇಬ್ಬರೂ ಪಡಸಾಲೆಯಲ್ಲಿ ನಿಂತು ಜೋರು ಮಾಡಿದರು. ಅಪ್ಪ ಮಾತು ಕಡಿಮೆಯವನು, ಅವತ್ತು ಒಂದೇ ಮಾತು ಹೇಳಿದ, ಅದು ಈರಪ್ಪ ಕಾಕಾನನ್ನು ನೋಯಿಸಿತು.

"ನಿನ್ನ ಮಗಳಾಗಿದ್ರ ಹಿಂಗ ಮಾಡ್ತಿದ್ದೇನು?"

ಕಾಕಾ ಎರಡು ದಿನ ಮನೆಯಲ್ಲಿ ಉಣ್ಣಲಿಲ್ಲ. ಹಾಗೆ ಆ ಮನೆಯಲ್ಲಿ ಉಣ್ಣದವರು ಇಬ್ಬರಾದೆವು, ಎತ್ತುಗಳು ಮಾತ್ರ ಹೊಳೆಯುತ್ತಿದ್ದವು.

ಹಿಂಗಾರಿ ಬೆಳೆ ತೆನೆ ಹಿಡಿದಾಗ ಬಂಡಿ ಕೆಳಗಿಳಿಯಿತು. ಕಾಕಾ ಗಾಲಿ ಕೂಡಿಸಿ, ನನ್ನನ್ನು ಕೂರಿಸಿ, ಎರಡು ಬೆರಳಿನಿಂದ ಮೂಕಿ ಎತ್ತಿದ. ಭಾರ. ಮತ್ತೊಮ್ಮೆ ಎತ್ತಿದ. ಅವನು ಗೂಟ ಕಿತ್ತು, ಮಣೆಯನ್ನು ಒಂದು ತೂತು ಹಿಂದಕ್ಕೆ, ಹೋದ ವರ್ಷದ ಜಾಗಕ್ಕೆ ಇಟ್ಟು ಬಡಿದ. ನಾನು ಗೆದ್ದಿದ್ದೆ. ಅಚ್ಚಿನಿಂದ ದೂರ, ಲಕ್ಕಲಕಟ್ಟಿಯಿಂದ ದೂರ. ಲೋಕದಲ್ಲಿ ಯಾವ ಹುಡುಗಿಯೂ ಹಿಂದಕ್ಕೆ ಬೆಳೆದಿರಲಿಕ್ಕಿಲ್ಲ, ನಾನು ಬೆಳೆದಿದ್ದೆ. ಸಂತೋಷಕ್ಕೆ ಅವತ್ತು ಒಂದು ಇಡೀ ರೊಟ್ಟಿ ತಿನ್ನಬೇಕೆನಿಸಿತು, ತಿನ್ನಲಿಲ್ಲ.

ಎಳ್ಳಮಾವಾಸ್ಯೆಯ ದಿನ ನಮ್ಮ ಕಡೆ ಮನೆಮಂದಿಯೆಲ್ಲ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಬುಟ್ಟಿ ತುಂಬ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಲೆ, ಕರಿಗಡುಬು, ಎಳ್ಳು ಹೋಳಿಗೆ. ಮೊದಲು ಭೂಮಿತಾಯಿಗೆ ಎಂದು ಎಲ್ಲದರಲ್ಲೂ ಒಂದಿಷ್ಟು ತೆಗೆದು ಹೊಲದ ನಾಲ್ಕೂ ದಿಕ್ಕಿಗೆ ಚರಗ ಚೆಲ್ಲಬೇಕು, ಆಮೇಲೆ ಉಂಡು ಅಲ್ಲೇ ಅಡ್ಡಾಗಬೇಕು. ಹೊಟ್ಟೆ ಬಿರಿಯುವಂತೆ ಉಣ್ಣದವರನ್ನು ಅವತ್ತು ಭೂಮಿ ಬೈಯುತ್ತದಂತೆ. ನಾನು ಚರಗ ಚೆಲ್ಲುವ ಎಲ್ಲರ ಹಾಗೆ ಹುಲ್ಲುಲ್ಲಿಗೋ ಎಂದು ಕೂಗುತ್ತ ನನ್ನ ಪಾಲಿನ ಕಡುಬುಗಳನ್ನೂ ಚರಗದ ಜೊತೆ ಚೆಲ್ಲಿಬಿಟ್ಟೆ. ಭೂಮಿತಾಯಿ ನನ್ನಿಂದಾಗಿ ಆ ವರ್ಷ ಚೆನ್ನಾಗಿ ಉಂಡಳು. ಸಂಜೆ ಮುಂದೆ ಬಂಡಿಗಳು ಊರಿಗೆ ತಿರುಗುವಾಗಲೇ ಓಟ. ಊರ ಬಾಗಿಲಾದ ಅಗಸಿಯನ್ನು ಮೊದಲು ದಾಟಿದ ಎತ್ತುಗಳಿಗೆ ಕೊಬ್ಬರಿ ಬಟ್ಟಲಿನ ಹಾರ ಹಾಕಿ ಮೆರೆಸುತ್ತಿದ್ದರು. ಆ ಸಲ ಹೊಳೆಆಲೂರಿನಿಂದ ಒಬ್ಬ ಸಾವಕಾರರು ಹೊಸ ಹಗುರ ಬಂಡಿ ಮಾಡಿಸಿಕೊಂಡು ಬೇಕೆಂದೇ ಬಂದಿದ್ದರು. ಕಾಕಾನ ಬಂಡಿಯನ್ನು ನೋಡಿ ಮಾಡಿದ್ದೇ, ಡೊಂಕು ಗಾಲಿ ಸಮೇತ. ಕಾಳಪ್ಪ ತಾನು ಮಾಡಿಕೊಟ್ಟಿಲ್ಲ ಎಂದು ಉಳಿ ಮುಟ್ಟಿ ಆಣೆ ಮಾಡಿದ.

ಮೊದಲ ಹೊಲಗಳು ದಾಟುವ ತನಕ ಎರಡೂ ಬಂಡಿ ಜೊತೆಗಿದ್ದವು. ಹಳ್ಳದ ಇಳುಕಲಿನಲ್ಲಿ ನಾನು ಬೆನ್ನು ನೆಲಕ್ಕೆ ತಾಗುವಷ್ಟು ಹಿಂದೆ ಒರಗಿದೆ. ಎತ್ತುಗಳ ಹೆಗಲು ಹಗುರಾಗಿ ಬಂಡಿ ಕೈಬಿಟ್ಟ ಹಕ್ಕಿಯಂತೆ ಹೋಯಿತು. ಹಿಂದಿನ ಬಂಡಿಯ ಗೆಜ್ಜೆ ದೂರಾದವು. ಮುಂದೆ ಅಗಸಿಯ ದಿಬ್ಬ, ಅದೊಂದು ಏರು ಉಳಿದಿತ್ತು. ಈಗ ಮುಂದಕ್ಕೆ ಬಾಗಬೇಕು. ಬಾಗಲು ಎಂದು ಕೈ ಊರಿದೆ, ಕೈಯಲ್ಲಿ ಕಸುವೇ ಇಲ್ಲ. ಜೋಳದ ತೆನೆಗಳೆಲ್ಲ ಬೆಳ್ಳಗಾಗಿ ಕರಗಿದವು. ನಾನು ಹಿಂದಕ್ಕೆ ಜೋತುಬಿದ್ದೆ, ಮೂಕಿ ಮೇಲೆದ್ದಿತು, ಕೊರಳ ಹಗ್ಗ ಬಿಗಿದು ಕೌಲ್ಯಾ ಗೊರ್ ಎಂದಿತು. ಕಾಕಾ ಅಷ್ಟು ವರ್ಷಗಳಲ್ಲಿ ಮೊದಲ ಸಲ ಹಿಂದಕ್ಕೆ ತಿರುಗಿದ. ಒಂದು ಕೈ ನನ್ನ ಜಡೆಗೆ, ಒಂದು ಕೈ ಹಗ್ಗಕ್ಕೆ. ಅಗಸಿ ಕಣ್ಣೆದುರಿಗಿತ್ತು, ಎತ್ತುಗಳನ್ನು ಬಿಟ್ಟಿದ್ದರೆ ಅವು ನಮ್ಮನ್ನು ಎಳೆದುಕೊಂಡೇ ದಾಟುತ್ತಿದ್ದವು. ಅವನು ನಿಲ್ಲಿಸಿದ. ಹೊಳೆಆಲೂರಿನ ಬಂಡಿ ಧೂಳೆಬ್ಬಿಸಿ ನಮ್ಮನ್ನು ದಾಟಿ ಹೋಯಿತು, ಅದರ ಹಿಂದೆ ಊರಿನ ಹಳೆಯ ಬಂಡಿಗಳು ಕೂಡ.

ಕಾಕಾ ನನ್ನನ್ನು ಬದುವಿನ ಮೇಲೆ ಕೂರಿಸಿ ಮುಖಕ್ಕೆ ನೀರು ಹಾಕಿದ.

"ಮುಂಜಾನಿಂದ ಏನ ಉಂಡೀ?"

"ಕಡಬು."

"ಯಾರ ಉಂಡ್ರು, ನೀನೋ ಮೈಲ್ಯಾನೋ?"

ಅವನಿಗೆ ಹೇಗೆ ಗೊತ್ತಾಯಿತು ಎಂಬುದೇ ತಿಳಿಯಲಿಲ್ಲ.

"ಬಂಡಿ ಹೇಳತೈತಿ ಹುಚ್ಚಿ. ಮಣಿ ಹಿಂದ ಸರಸಿದ ದಿನಾನ ನನಗ ತಿಳೀತು, ಬೆಳಿಯೂ ಹುಡುಗಿ ಹಗುರ ಆಗೂದಿಲ್ಲ. ನಿಮ್ಮವ್ವಗ ಹೇಳಬೇಕಂದೆ. ಮತ್ತ, ಇದೊಂದ ಓಟ ಆಗ್ಲಿ, ಹಗುರ ಇದ್ರ ಚಲೋನ ಆತಲ್ಲ ಅಂದೆ." ಅವನು ಅಂಗೈಯಿಂದ ಹಣೆ ಬಡಿದುಕೊಂಡ. "ನಿಮ್ಮಪ್ಪ ಅಂದದ್ದು ಖರೇ ಐತಿ. ನನ್ನ ಬುದ್ಧಿಗಿ ಬೆಂಕಿ ಹಾಕ್ಲಿ. ಯಾಕ ಉಣ್ಣೂದ ಬಿಟ್ಟಿ?"

"ಮಣಿ ಅಚ್ಚಿಗಿ ಬಂದ್ರ ನನ್ನ ಲಕ್ಕಲಕಟ್ಟಿಗಿ ಕಳಸ್ತೀರಿ. ಆಯಿ ಹೇಳ್ಯಾಳ."

ಕಾಕಾ ನಗುತ್ತಾನೆ ಎಂದುಕೊಂಡಿದ್ದೆ. ನಗಲಿಲ್ಲ. ಧೋತರದ ಚುಂಗಿನಿಂದ ಮೂಗು ಒರೆಸಿಕೊಂಡು, ಬುತ್ತಿಯ ಗಂಟು ಬಿಚ್ಚಿ, ಸಜ್ಜೆ ರೊಟ್ಟಿ ಮುರಿದು ಬೆಣ್ಣೆ ಸವರಿ ನನ್ನ ಬಾಯಿಗಿಟ್ಟ.

"ಮಣಿ ಅಚ್ಚಿಗಿ ಬರಲಿಲ್ಲಂದ್ರೂ ಕಳಸ್ತಾರವ್ವ. ಹೋಗೂದಂತೂ ಹೋಗೂದೈತಿ. ಉಪಾಸ ಯಾಕ ಹೋಗ್ತಿ? ಉಂಡ ಹೋಗು."

ನಾನು ಅತ್ತೆ, ಅಳುತ್ತಲೇ ತಿಂದೆ. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ತುತ್ತು ಸಿದ್ಧವಾಗಿರುತ್ತಿತ್ತು. ಅಗಸಿಯಲ್ಲಿ ಡೊಳ್ಳು ಬಡಿಯುವುದು ಕೇಳುತ್ತಿತ್ತು. ಮೈಲ್ಯಾ ರೂಢಿಯಂತೆ ಕುತ್ತಿಗೆ ಚಾಚಿತು, ಕಾಕಾ ಅದರ ಮೂತಿಯನ್ನು ಮೆಲ್ಲಗೆ ಆಚೆ ತಳ್ಳಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಊರು ಬಹಳ ದಿನ ಕಾಕಾನನ್ನು ಆಡಿಕೊಂಡಿತು. ಅವನು ಯಾರಿಗೂ ಕಾರಣ ಹೇಳಲಿಲ್ಲ, ಎತ್ತಿಗೆ ಉಸಿರು ಕಟ್ಟಿತ್ತು ಎಂದಷ್ಟೇ ಹೇಳಿದ. ಅಂದಿನಿಂದ ಮನೆಯಲ್ಲಿ ನನ್ನ ಗಂಗಾಳ ಅವನ ಗಂಗಾಳದ ಮಗ್ಗುಲಿಗೆ ಬಂತು.

ಮುಂದಿನ ವರ್ಷ ನನ್ನನ್ನು ಕಳಿಸಿದರು. ಗಜೇಂದ್ರಗಡದ ನೇಕಾರರ ಮಗ್ಗದಿಂದ ಕೆಂಪು ಸೀರೆ ಬಂತು, ಅದರ ಗಂಜಿಯ ವಾಸನೆ ಇನ್ನೂ ಹೋಗಿರಲಿಲ್ಲ. ಪಾತ್ರೆ ಪಡಗ, ಅಪ್ಪ, ಅವ್ವ ಎಲ್ಲ ದೊಡ್ಡ ಗಾಡಿಯಲ್ಲಿ. ನಾನು ಮಾತ್ರ ಕಾಕಾನ ಬಂಡಿಯಲ್ಲಿ ಹೋಗುತ್ತೇನೆ ಎಂದು ಹಟ ಹಿಡಿದೆ, ಹೊಸ ಸೀರೆಯಲ್ಲಿ ಓಟದ ಬಂಡಿ ಏರಿದರೆ ಬೀಗರು ಏನಂದಾರು ಎಂದು ಅವ್ವ ಅತ್ತಳು. ಆಯಿ ಒಳಗಿನಿಂದ ಕೂಗಿದಳು, "ಹೋಗ್ಲಿ ಬಿಡು, ಇವತ್ತರ ಆ ಬಂಡಿ ಒಂದ ಕೆಲಸಕ್ಕ ಬರ್ಲಿ." ಬಾಗಿಲಿಗೆ ಮಾತ್ರ ಬರಲಿಲ್ಲ. ಮಣೆ ಅಚ್ಚಿಗೆ ಇನ್ನೂ ಬಂದಿರಲಿಲ್ಲ, ಆ ಹೊತ್ತಿಗೆ ನನಗೂ ಅದನ್ನು ಹೇಳಿ ವಾದ ಮಾಡುವ ಬಾಲ್ಯ ಉಳಿದಿರಲಿಲ್ಲ. ಎರೆಯ ಬಯಲು ಮುಗಿದು ಕಲ್ಲಿನ ನೆಲ ಬಂತು, ಗಜೇಂದ್ರಗಡದ ಗುಡ್ಡ ಕಂಡಿತು. ಒಂದು ಏರು ಬಂದಾಗ ನನ್ನ ಮೈ ತಾನೇ ಮುಂದಕ್ಕೆ ಬಾಗಿತು. ಕಾಕಾ ತಿರುಗದೆಯೇ ಅಂದ:

"ಇವತ್ತ ಓಟ ಇಲ್ಲವ್ವ. ಸುಮ್ನ ಕುಂದ್ರು."

"ಎತ್ತಿಗಿ ಕೊರಳ ಬಿಗಿತೈತಿ ಕಾಕಾ."

"ಬಿಗೀಲಿ."

ಆದರೂ ನಾನು ಬಾಗಿಯೇ ಕೂತೆ. ಅವನ ಬೆನ್ನಿಗೆ ನನ್ನ ತಲೆ ತಾಗುತ್ತಿತ್ತು.

ಬೀಗರ ಮನೆಯಲ್ಲಿ ಉಡಿ ತುಂಬುವುದು, ಊಟ ಎಲ್ಲ ಮುಗಿದು, ಎಲ್ಲರೂ ಹೊರಟು ನಿಂತಾಗ ಕಾಕಾ ಎರಡು ಬೆರಳಿನಿಂದ ಮೂಕಿ ಎತ್ತಿ ನೋಡಿದ. ಹಿಂದೆ ಯಾರೂ ಇಲ್ಲದ ಬಂಡಿ, ಮೂಕಿ ಏಳಲಿಲ್ಲ. ಅವನು ಅಂಗಳದ ಬೇಲಿಯ ಕಡೆ ಹೋಗಿ ಒಂದೊಂದೇ ಕಲ್ಲು ಆರಿಸಿ ತಂದು ನನ್ನ ಮಣೆಯ ಮೇಲೆ ಇಡತೊಡಗಿದ. ಇಡುವುದು, ಮೂಕಿ ಎತ್ತಿ ನೋಡುವುದು, ಮತ್ತೊಂದು ಇಡುವುದು. ನನ್ನ ಅತ್ತೆ ಬಾಗಿಲಲ್ಲಿ ನಿಂತು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದಳು.

"ನಿಮ್ಮೂರಾಗ ಕಲ್ಲ ಸಿಗೂದಿಲ್ಲೇನ್ರಿ ಬೀಗ್ರ?"

"ಎರಿ ಸೀಮಿರಿ ನಮ್ದು," ಅಂದ ಕಾಕಾ. "ಕಲ್ಲಿಗಿ ಭಾಳ ಬಡತನ."

ಎಲ್ಲರೂ ನಕ್ಕರು. ಅತ್ತೆ ಸಾಯುವ ತನಕ ಆ ಮಾತು ಹೇಳಿ ನಗುತ್ತಿದ್ದಳು, ಅಸೂಟಿಯವರು ಸೊಸೆಯನ್ನು ಕೊಟ್ಟು ಕಲ್ಲು ಒಯ್ದರು ಎಂದು. ನಾನು ನಗಲಿಲ್ಲ. ಬಂಡಿ ತಿರುವು ದಾಟುವ ತನಕ ನನ್ನ ಮಣೆಯ ಮೇಲೆ ಕೂತಿದ್ದ ಆ ಕಲ್ಲುಗಳನ್ನೇ ನೋಡುತ್ತಿದ್ದೆ, ಅವುಗಳ ಮೇಲೆ ನನಗೆ ಹೊಟ್ಟೆಕಿಚ್ಚು ಬಂತು.

ಬೇರೆ ಹೆಣ್ಣುಮಕ್ಕಳನ್ನು ಪಂಚಮಿಗೆ ತವರಿಗೆ ಕರೆಯುತ್ತಾರೆ. ಪಂಚಮಿಯ ಹೊತ್ತಿಗೆ ನಮ್ಮ ಕಡೆ ಎರೆಯ ಕೆಸರು, ಆ ಬಂಡಿ ಜಂತಿಯಿಂದ ಇಳಿಯುವುದಿಲ್ಲ. ಓಣಿಯ ಗೆಳತಿಯರು ಅಣ್ಣತಮ್ಮಂದಿರ ಹಿಂದೆ ಹೋಗಿ ಜೋಕಾಲಿ ಆಡಿ ಬರುವಾಗ ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ನನ್ನನ್ನು ಕರೆಯಲು ಕಾಕಾ ಎಳ್ಳಮಾವಾಸ್ಯೆಗೆ ಬರುತ್ತಿದ್ದ. ಮಣೆಯ ಮೇಲೆ ಅವೇ ಕಲ್ಲು. ಅವುಗಳನ್ನು ಒಂದೊಂದಾಗಿ ನಮ್ಮ ಬಾಗಿಲ ಬದಿಗೆ ಇಳಿಸಿ, ನನ್ನನ್ನು ಕೂರಿಸಿಕೊಂಡು ಹೋಗುತ್ತಿದ್ದ. ತಂದು ಬಿಟ್ಟ ದಿನ ನನ್ನನ್ನು ಇಳಿಸಿ ಕಲ್ಲು ಏರಿಸಿಕೊಳ್ಳುತ್ತಿದ್ದ. ನಾನು ಬೆಳೆದಂತೆ ಒಂದೆರಡು ಕಲ್ಲು ಕೂಡಿಕೊಂಡವು, ಹೊಸ ತೂತು ಬಿದ್ದು ಮಣೆ ಮುಂದೆ ಸರಿಯಿತು. ಓಟಗಳು ನಿಂತುಹೋಗಿದ್ದವು. ಮೊದಲು ಕೌಲ್ಯಾ ಹೋಯಿತು, ಆಮೇಲೆ ಮೈಲ್ಯಾ, ಆಮೇಲೆ ಆಯಿ. ಈಗ ಬಂಡಿಯನ್ನು ಬೈಯುವವರೇ ಇಲ್ಲ, ಮನೆ ಬಿಕೋ ಅನ್ನುತ್ತದೆ ಎಂದು ಕಾಕಾ ಒಮ್ಮೆ ಹೇಳಿದ.

ಅವನು ಕೊನೆಯ ಸಲ ಬಂದಾಗ ನನಗೆ ಗುರುತೇ ಸಿಗಲಿಲ್ಲ, ಅಷ್ಟು ಸೊರಗಿದ್ದ. ನನ್ನ ಮಗ ಬಗಲಲ್ಲಿದ್ದ. ಬಂಡಿಯನ್ನು ನೋಡಿದೆ, ಎರಡು ಮಣೆಗಳೂ ಅಚ್ಚಿನ ಮೇಲೆ ಮಗ್ಗುಲಿಗೆ ಮಗ್ಗುಲು ಬಂದು ಕೂತಿದ್ದವು. ಮುಂದೆ ಕೂತವನು ಹಗುರಾದರೆ ಹಿಂದಿನವರೂ ಮುಂದೆ ಬರಲೇಬೇಕಲ್ಲವೇ. ಕೊನೆಗೆ ತನ್ನ ಮಣೆಯನ್ನೂ ಹಿಂದೆ ತಂದು ಬಡಿದಿದ್ದ. "ಮುಂದ ಕುಂತ್ರ ಬೆನ್ನ ನೋಯಿತೈತಿ" ಎಂದು ನೆಪ ಹೇಳಿದ. ಹೋಗುವಾಗಲೂ ಬರುವಾಗಲೂ ಅಷ್ಟು ವರ್ಷದಲ್ಲಿ ಮೊದಲ ಸಲ ಅವನ ಬೆನ್ನಿನ ಬದಲು ಮುಖ ನೋಡುತ್ತ ಕೂತೆ. ಏರು ಬಂತು, ಇಳುಕಲು ಬಂತು, ನಾನು ಬಾಗಿದರೂ ಬಾಗದಿದ್ದರೂ ಎತ್ತುಗಳಿಗೆ ಏನೂ ಅನಿಸಲಿಲ್ಲ.

ಲಕ್ಕಲಕಟ್ಟಿಯಲ್ಲಿ ಮಗುವನ್ನು ಎತ್ತಿಕೊಂಡು ಇಳಿದೆ. ಮೂಕಿ ಅಲುಗಲಿಲ್ಲ. ಅಚ್ಚಿನ ಮೇಲೆ ಕೂತವರು ಇದ್ದರೂ ಅಷ್ಟೇ, ಇಳಿದರೂ ಅಷ್ಟೇ. ರೂಢಿಯಂತೆ ಕಾಕಾ ಎರಡು ಬೆರಳಿನಿಂದ ಎತ್ತಿ ನೋಡಿದ, ಹಾಗೇ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತ. ಕರೆಯಲು ಬಂದ ದಿನ ಅವನೇ ಬಾಗಿಲ ಬದಿಗೆ ಇಳಿಸಿಟ್ಟಿದ್ದ ಕಲ್ಲುಗಳ ಕಡೆ ನಾನೇ ಕೈ ತೋರಿಸಿದೆ.

"ಇನ್ನ ಕಲ್ಲ ಬೇಕಾಗಿಲ್ಲವ್ವ," ಅಂದ. "ಬಂಡಿ ತಾನ ಸಮ ಐತಿ."

ಮಗುವಿನ ತಲೆ ಸವರಿ, ಏರಿ ಕೂತು, ಎತ್ತು ಹೊಡೆದ. ನಾನು ಒಳಗೆ ಹೋಗಲಾರದೆ ನಿಂತೆ. ತಿರುವಿನ ತನಕ ಹೋದ ಬಂಡಿ ನಿಂತಿತು. ಕಾಕಾ ಇಳಿದು, ಮೆಲ್ಲಗೆ ನಡೆದುಕೊಂಡು ವಾಪಸು ಬಂದ. ಕಲ್ಲುಗಳ ಮುಂದೆ ಕುಕ್ಕುರುಗಾಲಲ್ಲಿ ಕೂತು, ಎಲ್ಲವನ್ನೂ ಮುಟ್ಟಿ ನೋಡಿ, ಅವುಗಳಲ್ಲಿ ಸಣ್ಣದೊಂದನ್ನು ಆರಿಸಿ ಧೋತರದ ಚುಂಗಿನಿಂದ ಮಣ್ಣು ಒರೆಸಿದ.

"ಬಂಡಿಗಿ ಬೇಕಾಗಿಲ್ಲಂದಿ?" ಎಂದೆ.

"ಬಂಡಿಗಿ ಬ್ಯಾಡವ್ವ," ಎಂದು ಕಾಕಾ ಕಲ್ಲನ್ನು ಎದೆಗೆ ಹಿಡಿದುಕೊಂಡು ಹೋಗಿ ನನ್ನ ಮಣೆಯ ಮೇಲೆ ಇಟ್ಟ.